ಸಹಾಯ ಬೇಕು: ಅಪ್ಪನ ಭುಜಕ್ಕೆ ಆಪರೇಷನ್ ಮಾಡಿಸಬೇಕಾ, ಕಾಯಬೇಕಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ. ಮಾರ್ಚ್‌ನಲ್ಲಿ ಮೆಣಸು ಕೊಯ್ಯುವಾಗ ಏಣಿ ಜಾರಿತು. ಅಪ್ಪ (58 ವರ್ಷ) ಬಲಗೈಯಲ್ಲಿ ಕೊಂಬೆ ಹಿಡಿದು ನೇತಾಡಿಬಿಟ್ಟರು. ಬೀಳಲಿಲ್ಲ, ಆದರೆ ಭುಜಕ್ಕೆ ಪೆಟ್ಟಾಯಿತು.

ಮೊದಲು ಸುಮ್ನೆ ಎಣ್ಣೆ ತಿಕ್ಕಿಸಿ ದಿನ ಕಳೆದೆವು. 2 ತಿಂಗಳ ಮೇಲೆ ಎಂಆರ್‌ಐ ಮಾಡಿಸಿದಾಗ ಸುಪ್ರಾಸ್ಪೈನೇಟಸ್ ಟೆಂಡನ್ (ಕೈ ಮೇಲೆತ್ತುವ ಭುಜದ ಸ್ನಾಯುವನ್ನು ಮೂಳೆಗೆ ಹಿಡಿದಿಡುವ ಗಟ್ಟಿ ಪಟ್ಟಿ) ಅರ್ಧದಷ್ಟು ಹರಿದಿದೆ ಅಂತ ಗೊತ್ತಾಯಿತು. 6 ವಾರ ಫಿಸಿಯೋಥೆರಪಿ, ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಆಯಿತು. ನೋವು ಸ್ವಲ್ಪ ಕಡಿಮೆ. ಆದರೂ ಅಂಗಿ ತೋಳಿಗೆ ಕೈ ತೂರಿಸಲು ಅಮ್ಮ ಬೇಕು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎದ್ದು ಕೂರುತ್ತಾರೆ. ನೋಡೋಕೆ ಸಂಕಟ ಆಗುತ್ತೆ.

ಮೈಸೂರಿನ ಡಾಕ್ಟರು ಕೀಹೋಲ್ ಆಪರೇಷನ್ (ಸಣ್ಣ ತೂತುಗಳ ಮೂಲಕ) ಮಾಡಿ ಹೊಲಿಯೋಣ ಅಂತಾರೆ. ಮಂಗಳೂರಿನವರು, ಪೂರ್ತಿ ಹರಿದಿಲ್ಲವಲ್ಲ, ಇನ್ನೂ 3 ತಿಂಗಳು ವ್ಯಾಯಾಮ ಮಾಡಿ ನೋಡಿ ಅಂತಾರೆ. ಇಬ್ಬರ ಮಾತೂ ಸರಿ ಅನ್ಸುತ್ತೆ, ಅಲ್ಲೇ ಸಿಕ್ಕಿಕೊಂಡಿದ್ದೇವೆ. ಆಪರೇಷನ್ ಆದರೆ ವಾರಗಟ್ಟಲೆ ಕೈಯನ್ನು ಕತ್ತಿಗೆ ನೇತುಹಾಕಿಕೊಂಡೇ ಇರಬೇಕು, ಭಾರ ಎತ್ತಲು ಇನ್ನೂ ತಿಂಗಳುಗಳು. ಡಿಸೆಂಬರ್‌ಗೆ ಕಾಫಿ ಕೊಯ್ಲು ಬೇರೆ.

ಹೀಗೆ ಅರ್ಧ ಹರಿದದ್ದು ಆಪರೇಷನ್ ಇಲ್ಲದೆ, ತಲೆ ಮೇಲೆ ಕೈ ಎತ್ತಿ ಕೆಲಸ ಮಾಡುವಷ್ಟು ಸರಿಹೋದವರು ಇದ್ದೀರಾ? ಎಷ್ಟು ತಿಂಗಳು ಹಿಡಿಯಿತು?