ದುಡ್ಡು ಕೊಟ್ಟಾಗಿದೆ, ಆದರೂ ಮನೆ ಮೇಲೆ ಲೀನ್ ಬಿದ್ದಿದೆ

ಅಕ್ಕ, ನಿಮ್ಮ ಮೆಸೇಜ್ ಈಗ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಓದಿ. ಫ್ರೀಮಾಂಟ್ ಮನೆಯ ಅಡುಗೆಮನೆ ಕೆಲಸಕ್ಕೆ ಕಾಂಟ್ರಾಕ್ಟರ್‌ಗೆ ಪೂರ್ತಿ ದುಡ್ಡು ಕೊಟ್ಟಿದ್ದೀರಿ, ಅವನು ಫೋನ್ ಎತ್ತುತ್ತಿಲ್ಲ, ಈಗ ಅವನು ತಮಗೆ ದುಡ್ಡು ಕೊಟ್ಟಿಲ್ಲ ಅಂತ ಟೈಲ್ಸ್ ಅಂಗಡಿಯವರು ಮನೆ ಮೇಲೆ 6,800 ಡಾಲರ್ ಲೀನ್ (ಬಾಕಿಗಾಗಿ ಆಸ್ತಿ ಮೇಲೆ ದಾಖಲಿಸುವ ಹಕ್ಕು) ಹಾಕಿದ್ದಾರೆ, ಅಲ್ವಾ?

"ಅವರ ಮುಖವನ್ನೇ ನೋಡಿಲ್ಲ, ನಾನ್ಯಾಕೆ ಕೊಡಬೇಕು" ಅಂದಿದ್ದೀರಿ. ನಮಗೂ ಹೀಗೇ ಆದಾಗ ನಮ್ಮ ಮನೆಯವರೂ ಇದೇ ಮಾತು ಹೇಳಿ ಮೂರು ದಿನ ಕೂಗಾಡಿದರು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಅದು ನಡೆಯುವುದಿಲ್ಲ. ಕೆಲಸ ಮಾಡಿದವರಿಗೂ ಸಾಮಾನು ಕೊಟ್ಟವರಿಗೂ ಆ ಮನೆ ಮೇಲೆ ಹಕ್ಕಿದೆ ಅಂತ ಈ ರಾಜ್ಯದ ಸಂವಿಧಾನದಲ್ಲೇ ಬರೆದಿದೆ. ನೀವು ಕಾಂಟ್ರಾಕ್ಟರ್‌ಗೆ ಕೊಟ್ಟ ಚೆಕ್ ಅವರ ಲೆಕ್ಕಕ್ಕೆ ಬರುವುದಿಲ್ಲ. ಊರಲ್ಲಾದರೆ ಮೇಸ್ತ್ರಿ ಬಟವಾಡೆ ಮಾಡದೆ ಓಡಿಹೋದರೆ ಗಾರೆಯವರು ಗೇಟ್ ಹತ್ತಿರ ಬಂದು ನಿಲ್ಲುತ್ತಾರೆ, ಏನೋ ಸಮಾಧಾನ ಹೇಳಿ ಕಳಿಸುತ್ತೇವೆ. ಇಲ್ಲಿ ಸೀದಾ ಆಸ್ತಿ ದಾಖಲೆ ಇಡುವ ಕೌಂಟಿ ರೆಕಾರ್ಡರ್ ಆಫೀಸಿಗೆ ಹೋಗುತ್ತಾರೆ.

ಆದರೆ ಗಾಬರಿಯಲ್ಲಿ ಚೆಕ್ ಬರೆಯಬೇಡಿ. ಮೊದಲು ತಾರೀಖುಗಳನ್ನು ನೋಡಿ.

ನಿಮ್ಮ ಜೊತೆ ನೇರ ಒಪ್ಪಂದ ಇಲ್ಲದ ಅಂಗಡಿಯವರು ಸಾಮಾನು ಕೊಡಲು ಶುರು ಮಾಡಿದ 20 ದಿನದೊಳಗೆ ನಿಮಗೆ ಪ್ರಿಲಿಮಿನರಿ ನೋಟಿಸ್ ಕಳಿಸಬೇಕು, ಅಂದರೆ ನಿಮ್ಮ ಮನೆಗೆ ಸಾಮಾನು ಕೊಡುತ್ತಿದ್ದೇವೆ, ದುಡ್ಡು ಬರದಿದ್ದರೆ ಲೀನ್ ಹಾಕಬಹುದು ಅಂತ ತಿಳಿಸುವ ಕಾಗದ. ಕಳಿಸಿಯೇ ಇಲ್ಲದಿದ್ದರೆ ಲೀನ್‌ಗೆ ಬಲ ಇಲ್ಲ. ತಡವಾಗಿ ಕಳಿಸಿದ್ದರೆ, ನೋಟಿಸ್‌ಗೆ ಹಿಂದಿನ 20 ದಿನದಿಂದ ಈಚೆಗೆ ಕೊಟ್ಟ ಸಾಮಾನಿಗೆ ಮಾತ್ರ ಲೀನ್ ಹಾಕಬಹುದು. ನಮಗೆ 2021ರಲ್ಲಿ ಬಾತ್‌ರೂಮ್ ಮಾಡಿಸುವಾಗ ಇದು ಸರ್ಟಿಫೈಡ್ ಮೇಲ್‌ನಲ್ಲಿ ಬಂದಿತ್ತು, ಹಸಿರು ಕಾರ್ಡ್ ಅಂಟಿಸಿದ ಕವರ್. ನಾನೇ ಸಹಿ ಹಾಕಿ ತಗೊಂಡು, ಒಡೆದೂ ನೋಡದೆ, ಪಿಜ್ಜಾ ಕೂಪನ್ ಇಡುವ ಡ್ರಾಯರ್‌ಗೆ ತುರುಕಿದ್ದೆ. ಲೀನ್ ಬಂದ ಮೇಲೆ ಹುಡುಕಿದರೆ ತಳದಲ್ಲಿ ಸಿಕ್ಕಿತು. ತಾರೀಖೂ ಸರಿಯಾಗಿತ್ತು. ನಲ್ಲಿ, ಪೈಪಿಗೆಲ್ಲ ಎರಡು ಸಲ ದುಡ್ಡು ಕೊಟ್ಟೆವು. ಇನ್ನೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಲೀನ್ ಯಾವಾಗ ರೆಕಾರ್ಡ್ ಆಯಿತು ನೋಡಿ. ಕೆಲಸ ಮುಗಿದ 90 ದಿನದೊಳಗೆ ಹಾಕಬೇಕು. ಅರ್ಧಕ್ಕೆ ಬಿಟ್ಟುಹೋಗಿ ಸತತ 60 ದಿನ ಕೆಲಸ ನಿಂತಿದ್ದರೆ ಅದನ್ನೂ ಮುಗಿದ ಹಾಗೆ ಎಣಿಸುತ್ತಾರೆ. ನೀವು ಕೆಲಸ ಮುಗಿದಿದೆ ಅಂತ ಸಾರುವ ನೋಟಿಸ್ ಆಫ್ ಕಂಪ್ಲೀಷನ್ ಅನ್ನುವ ಒಂದು ಕಾಗದವನ್ನು ಸಮಯಕ್ಕೆ ರೆಕಾರ್ಡ್ ಮಾಡಿದ್ದರೆ ಅವರಿಗೆ 30 ದಿನ ಮಾತ್ರ ಸಿಗುತ್ತಿತ್ತು, ಇರಲಿ ಬಿಡಿ, ಅದನ್ನು ಯಾರೂ ನಮಗೆ ಹೇಳುವುದಿಲ್ಲ. ಲೀನ್ ರೆಕಾರ್ಡ್ ಮಾಡಿದ ಮೇಲೆ ಸಾಮಾನ್ಯವಾಗಿ 90 ದಿನದೊಳಗೆ ಕೋರ್ಟಿನಲ್ಲಿ ಕೇಸನ್ನೂ ಹಾಕಬೇಕು. ಹಾಕದಿದ್ದರೆ ಅದಕ್ಕೆ ಬಲ ಇಲ್ಲ. ಆದರೆ ದಾಖಲೆಯಲ್ಲಿ ಹಾಗೇ ಕೂತಿರುತ್ತದೆ, ಹಳೆ ಮನೆಸಾಲ ತೀರಿಸಿ ಹೊಸದು ತಗೊಳ್ಳುವ ರಿಫೈನಾನ್ಸ್‌ಗೆ ಹೋದಾಗ ಅಡ್ಡ ಬರುತ್ತದೆ. ತೆಗೆಯಿರಿ ಅಂತ ಬರೆದು ಕಳಿಸಿ, ಕನಿಷ್ಠ 10 ದಿನ ಕಾದು, ಕೋರ್ಟಿಗೆ ಪಿಟಿಷನ್ ಹಾಕಬಹುದು. ಗೆದ್ದವರಿಗೆ ವಕೀಲರ ಫೀಸೂ ಸಿಗುತ್ತದೆ.

ಎಲ್ಲ ತಾರೀಖೂ ಅವರ ಕಡೆಗೇ ಇದ್ದರೆ ಚೌಕಾಸಿ ಮಾಡಿ. ಚೆಕ್ ಕೊಡುವಾಗ ಕಂಡೀಷನಲ್ ರಿಲೀಸ್ (ದುಡ್ಡು ಬಂದರೆ ಹಕ್ಕು ಬಿಡುತ್ತೇವೆ ಅನ್ನುವ ಸಹಿ ಕಾಗದ), ಚೆಕ್ ಪಾಸಾದ ಮೇಲೆ ಷರತ್ತಿಲ್ಲದ ಅನ್‌ಕಂಡೀಷನಲ್ ರಿಲೀಸ್, ಜೊತೆಗೆ ಕೌಂಟಿಯಲ್ಲಿ ಲೀನ್ ರಿಲೀಸ್ ರೆಕಾರ್ಡ್ ಆಗಬೇಕು. "ಆಯಿತು ಬಿಡಿ" ಅನ್ನುವ ಇಮೇಲ್ ಸಾಕಾಗುವುದಿಲ್ಲ.

ಕಾಂಟ್ರಾಕ್ಟರ್‌ನನ್ನೂ ಸುಮ್ನೆ ಬಿಡಬೇಡಿ. ಸ್ಟೇಟ್ ಲೈಸೆನ್ಸ್ ಬೋರ್ಡಿಗೆ ದೂರು ಕೊಡಿ. ಲೈಸೆನ್ಸ್‌ಗಾಗಿ ಅವನು ಇಟ್ಟಿರಬೇಕಾದ 25,000 ಡಾಲರ್ ಬಾಂಡ್ (ಭದ್ರತೆ) ಮೇಲೆ ಕ್ಲೇಮ್ ಹಾಕಿ, ಬೇಗ ಹಾಕಿ, ಯಾಕೆಂದರೆ ಅವನಿಂದ ಮೋಸ ಹೋದ ಇತರರೂ ಅದೇ ದುಡ್ಡಿಗೆ ಬರುತ್ತಾರೆ. ಸಣ್ಣ ಮೊತ್ತದ ಕೇಸುಗಳ ಕೋರ್ಟ್ ಆದ ಸ್ಮಾಲ್ ಕ್ಲೇಮ್ಸ್‌ನಲ್ಲಿ 12,500 ಡಾಲರ್‌ವರೆಗೆ ವಕೀಲರಿಲ್ಲದೆ ನೀವೇ ಕೇಳಬಹುದು.

ಗ್ರೂಪಿನಲ್ಲಿ ಈಗ ರೀಮಾಡೆಲ್ ಶುರು ಮಾಡುತ್ತಿರುವವರೂ ಕೇಳಿ. ಅಡ್ವಾನ್ಸ್ 1,000 ಡಾಲರ್ ಅಥವಾ ಒಪ್ಪಂದದ ಶೇಕಡ 10, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ. ಜಾಸ್ತಿ ಕೇಳಿದರೆ ಅಲ್ಲೇ ಅನುಮಾನ ಪಡಿ. ನೋಟಿಸ್ ಕಳಿಸಿದವರ ಪಟ್ಟಿ ಫ್ರಿಜ್ ಮೇಲೆ ಅಂಟಿಸಿಕೊಳ್ಳಿ. ಅವರ ರಿಲೀಸ್ ಬರದೆ ಮುಂದಿನ ಕಂತು ಕೊಡಬೇಡಿ, ಇಲ್ಲವೇ ಕಾಂಟ್ರಾಕ್ಟರ್, ನೋಟಿಸ್ ಕಳಿಸಿದವರು, ಇಬ್ಬರ ಹೆಸರಿಗೂ ಸೇರಿಸಿ ಜಾಯಿಂಟ್ ಚೆಕ್ ಬರೆಯಿರಿ.

ಅಕ್ಕ, ಲೀನ್ ಕಾಗದದಲ್ಲಿ ರೆಕಾರ್ಡರ್ ಸ್ಟ್ಯಾಂಪ್ ಇರುವ ಪುಟದ ಫೋಟೋ ನನಗೆ ಪ್ರತ್ಯೇಕವಾಗಿ ಕಳಿಸಿ. ವಕೀಲರ ಹತ್ತಿರ ಹೋಗುವ ಮೊದಲು ಮನೆಯ ಡ್ರಾಯರ್‌ಗಳನ್ನೆಲ್ಲ ಒಂದು ಸಲ ಹುಡುಕಿ.