ಪದಚರ್ಚೆ: ಚರೆ ತೋಟಾದ ಲೋಡ್, ವೆಲಾಸಿಟಿ, ಕ್ರೋನೋಗ್ರಾಫ್ – ‘ಈಡಿನ ವೇಗ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಹತ್ತಿರ ನಮ್ಮೂರಲ್ಲಿ ಚಿಕ್ಕಪ್ಪ ಇದ್ದಾರೆ. ಅವರಿಗೆ ಈಗ ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ. ಹೋದ ತಿಂಗಳು, ‘ನಿನ್ನ ಈಡು ಎಷ್ಟು ಬಿರುಸು ಹೋಗ್ತದೆ ಅಂತ ಅಳೀತೀಯಂತಲ್ಲ, ಅದು ಹ್ಯಾಂಗೆ? ಬರೆದು ಕಳ್ಸು’ ಅಂದರು. ಕಾಗದ ಬರೆಯಲು ಕೂತೆ. ಎರಡನೇ ಸಾಲಿಗೇ ಪದ ಸಿಗದೆ ನಿಂತೆ. ಆ ಪದಗಳನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನಿರುವುದು ಮಿನೆಸೋಟಾದಲ್ಲಿ. ವಾರಕ್ಕೊಂದು ಸಲ ಟ್ರ್ಯಾಪ್ ಆಟಕ್ಕೆ ಹೋಗುತ್ತೇನೆ. ಯಂತ್ರವೊಂದು ಬಿಲ್ಲೆ ಎಸೆಯುತ್ತದೆ, ಅದನ್ನು ಗಾಳಿಯಲ್ಲೇ ಕೋವಿಯಿಂದ ಒಡೆಯಬೇಕು. ಖಾಲಿಯಾದ ತೋಟಾಗಳಿಗೆ ಮತ್ತೆ ಮದ್ದು, ಚರೆ (ಸೀಸದ ಸಣ್ಣ ಕಾಳುಗಳು) ತುಂಬಿ ಬಳಸುವುದು ಇಲ್ಲಿ ಮಾಮೂಲು. ತುಂಬಿದ ಮೇಲೆ ಚರೆ ಎಷ್ಟು ವೇಗದಲ್ಲಿ ಹೋಗುತ್ತದೆ ಅಂತ ನೋಡಲೇಬೇಕು. ಸುಮ್ನೆ ಕುತೂಹಲಕ್ಕಲ್ಲ. ಇಲ್ಲಿನ ಟ್ರ್ಯಾಪ್ ನಿಯಮದಲ್ಲಿ ಒಂದೂಕಾಲಿಗೆ ಸ್ವಲ್ಪ ಕಡಿಮೆ, ಅಂದರೆ 1⅛ ಔನ್ಸ್ ಚರೆಗೆ ಸೆಕೆಂಡಿಗೆ 1290 ಅಡಿ ಮೀರಬಾರದು ಅಂತ ಇದೆ. ಅಳೆಯುವ ಸಲಕರಣೆಯ ಹೆಸರು ಕ್ರೋನೋಗ್ರಾಫ್.

ಮೊದಲನೆಯ ಪದ ಲೋಡ್. ಇಲ್ಲಿಯವರು ಲೋಡ್ ಅನ್ನುವುದು ತೋಟಾದ ಒಳಗಿನ ಪೂರ್ತಿ ಲೆಕ್ಕಕ್ಕೆ. ಯಾವ ಮದ್ದು, ಎಷ್ಟು, ಯಾವ ನಂಬರಿನ ಚರೆ, ಎಷ್ಟು ತೂಕ, ನಡುವೆ ಏನಿದೆ, ಎಲ್ಲ ಸೇರಿ. ನಿಘಂಟಿನಲ್ಲಿ ಸಿಗುವ ಹೊರೆ, ಭಾರ ಎರಡೂ ಇದಕ್ಕೆ ಒಗ್ಗುವುದಿಲ್ಲ. ‘ಚರೆಯ ಹೊರೆ’ ಅಂತ ಬರೆದರೆ ಊರಲ್ಲಿ ಯಾರಿಗೂ ಕೋವಿ ನೆನಪಾಗುವುದಿಲ್ಲ, ಸೌದೆ ನೆನಪಾಗುತ್ತದೆ.

ಆದರೆ ಚಿಕ್ಕಪ್ಪನ ಪ್ರಶ್ನೆಯಲ್ಲೇ ಪದ ಇದೆ ಅಲ್ವಾ? ಈಡು. ನಮ್ಮ ಮನೆಯಲ್ಲಿ ಹಿಂದೆ ಕೇಪಿನ ಕೋವಿ ಇತ್ತು. ಅಜ್ಜ ಅದರ ಬಾಯಿಂದ ಮದ್ದು ಸುರಿದು, ಮೇಲೆ ತೆಂಗಿನ ನಾರು ತುರುಕಿ, ಗಜದ ಕೋಲಿನಿಂದ ಜಡಿಯುತ್ತಿದ್ದರು. ಆಮೇಲೆ ಚರೆ. ಚರೆ ಉರುಳಿ ಹೊರಗೆ ಬೀಳದ ಹಾಗೆ ಮತ್ತೆ ಒಂದಿಷ್ಟು ನಾರು. ಇಷ್ಟೂ ಸೇರಿದರೆ ‘ಒಂದು ಈಡು ತುಂಬಿದೆ’. ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಬಿದ್ದರೆ ‘ಒಂದು ಈಡು ಹೊಡೆದೆ’. ದೂರದಲ್ಲಿದ್ದವರಿಗೆ ‘ಗುಡ್ಡದ ಕಡೆ ಒಂದು ಈಡು ಕೇಳ್ತು’. ತುಂಬುವುದೂ ಈಡು, ಹೊಡೆಯುವುದೂ ಈಡು, ಕೇಳುವುದೂ ಈಡು. ದೇವಸ್ಥಾನದ ಮುಂದೆ ಒಡೆಯುವ ಈಡುಗಾಯಿಯಲ್ಲೂ ಬೀಸಿ ಅಪ್ಪಳಿಸುವ ಅರ್ಥವೇ ಇದೆ ಅಂತ ನನಗೆ ಅನ್ನಿಸುತ್ತದೆ. ಅಡವು, ಸರಿಸಮ ಅನ್ನುವ ಬೇರೆ ಅರ್ಥಗಳೂ ಈ ಪದಕ್ಕೆ ಇವೆ. ಆದರೆ ಕೋವಿಯ ಮಾತು ನಡೆಯುವಾಗ ಯಾರೂ ಸಾಲದ ಅಡವು ಅಂದುಕೊಳ್ಳುವುದಿಲ್ಲ.

ಇಲ್ಲಿ ಒಂದು ತೊಡಕಿದೆ. ಲೋಡ್ ಅಂದರೆ ಪಾಕದ ಲೆಕ್ಕದ ಹಾಗೆ. ಒಂದೇ ಲೋಡಿನ ಇಪ್ಪತ್ತೈದು ತೋಟಾ ಇರಬಹುದು. ಈಡು ಅಂದರೆ ಒಂದು ಸಲ ತುಂಬಿದ್ದು, ಒಂದು ಸಲ ಹೊಡೆದದ್ದು. ಹಾಗಾಗಿ ‘ಈ ಲೋಡಿನಲ್ಲಿ ಹತ್ತು ಶಾಟ್ ಹೊಡೆದೆ’ ಅನ್ನುವುದನ್ನು ಬರೆಯುವಾಗ ಈಡು ಅಂತ ಎರಡು ಸಲ ಬರುತ್ತದೆ. ನಾನು ಸದ್ಯಕ್ಕೆ ‘ಈ ಅಳತೆಯ ಹತ್ತು ಈಡು ಹೊಡೆದೆ’ ಅಂತ ಬರೆದಿದ್ದೇನೆ. ಕಿವಿಗೆ ಸರಿ ಕೇಳುತ್ತದಾ, ಹೇಳಿ.

ಗೆಳೆಯರೊಬ್ಬರು ‘ಗುಂಡಿನ ವೇಗ ಅಂದರೆ ಮುಗಿಯಿತಲ್ಲ’ ಅಂದರು. ಪತ್ರಿಕೆಗಳಲ್ಲೂ ಕೋವಿ ಯಾವುದೇ ಇರಲಿ, ಹಾರುವುದು ಗುಂಡೇ. ಇದನ್ನು ಒಪ್ಪಲು ನನ್ನಿಂದ ಆಗಲಿಲ್ಲ. ರೈಫಲ್ಲಿಗೆ ಗುಂಡು ಸರಿ, ಅಲ್ಲಿ ಹೋಗುವುದು ಒಂದೇ. ಚರೆ ತೋಟಾದಲ್ಲಿ ಗುಂಡು ಅನ್ನುವ ಒಂದು ವಸ್ತುವೇ ಇಲ್ಲ. ನಾನು ತುಂಬುವ ಏಳೂವರೆ ನಂಬರಿನ ಚರೆ ಸಾಸಿವೆಗಿಂತ ಸ್ವಲ್ಪ ದಪ್ಪ. 1⅛ ಔನ್ಸಿಗೆ ಅವು ಸುಮಾರು 390 ಬರುತ್ತವೆ. ಅಷ್ಟೂ ಒಟ್ಟಿಗೆ ಹೊರಟು ದೂರ ಹೋದ ಹಾಗೆ ಹರಡುತ್ತವೆ, ಹಿಂದೆ ಮುಂದೆ ಆಗುತ್ತವೆ. ವೇಗ ಅಂದಾಗ ಯಾವುದರ ವೇಗ? ಅಳೆಯುವವನಿಗೆ ದೊಡ್ಡ ತಲೆನೋವು ಇದೇ.

ಅದನ್ನು ಒಂದು ಬೆಳಗ್ಗೆ ಕಣ್ಣಾರೆ ಕಂಡೆ. ನನ್ನ ಬಳಿ ಇರುವುದು ಹಳೆಯ ಮಾದರಿಯ ಕ್ರೋನೋಗ್ರಾಫ್. ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಉದ್ದ ಪಟ್ಟಿ, ಪಟ್ಟಿಯಲ್ಲಿ ಎರಡು ಕಣ್ಣು, ಎರಡರ ನಡುವೆ ಎರಡಡಿ. ಕಣ್ಣುಗಳ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ಚಪ್ಪರ. ಚರೆ ಮೇಲೆ ಹಾದುಹೋದಾಗ ಅದರ ನೆರಳು ಮೊದಲ ಕಣ್ಣಿಗೆ ಬೀಳುತ್ತದೆ, ಗಡಿಯಾರ ಶುರು. ಎರಡನೇ ಕಣ್ಣಿಗೆ ಬಿದ್ದಾಗ ಗಡಿಯಾರ ನಿಲ್ಲುತ್ತದೆ. ಸೆಕೆಂಡಿಗೆ 1200 ಅಡಿಯ ಈಡಿಗೆ ಈ ಎರಡಡಿ ದಾಟಲು ಬೇಕಾಗುವುದು ಸೆಕೆಂಡಿನ ಆರುನೂರರಲ್ಲಿ ಒಂದು ಪಾಲು.

ಮೊದಲ ಈಡು 1203. ಎರಡನೆಯದು 1196. ಮೂರನೆಯದು 1151. ನಾಲ್ಕನೆಯದಕ್ಕೆ ಅಂಕಿಯೇ ಬರಲಿಲ್ಲ. ಎಲ್ಲ ತೋಟಾಗಳೂ ಒಂದೇ ಅಳತೆ, ನಾನೇ ಒಂದೊಂದಾಗಿ ತೂಗಿ ತುಂಬಿದ್ದು. ಪಕ್ಕದಲ್ಲಿದ್ದ ಹಿರಿಯರು ಹೇಳಿದ್ದು ಇಷ್ಟು: ಮೊದಲ ಕಣ್ಣಿಗೆ ಎಲ್ಲರಿಗಿಂತ ಮುಂದಿದ್ದ ಚರೆಯ ನೆರಳು ಸಿಕ್ಕಿದೆ, ಎರಡನೆಯದಕ್ಕೆ ಅದಕ್ಕಿಂತ ಹಿಂದಿನದು. ಮನೆಗೆ ಬಂದು ಲೆಕ್ಕ ಹಾಕಿದೆ. ಒಂದೇ ಒಂದು ಇಂಚು ಹಿಂದಿದ್ದ ಚರೆ ಸಾಕು. 24 ಇಂಚು ದಾಟಲು 25 ಇಂಚಿನ ಹೊತ್ತು ಹಿಡಿದ ಹಾಗಾಗುತ್ತದೆ, 1200 ಇದ್ದದ್ದು 1152 ಅಂತ ತೋರಿಸುತ್ತದೆ. ಈಡು ನಿಧಾನ ಆಗಿರಲಿಲ್ಲ, ಯಂತ್ರ ನೋಡಿದ್ದು ಎರಡು ಬೇರೆ ಬೇರೆ ಚರೆಗಳನ್ನು.

ಇದನ್ನು ನೋಡಿದ ಮೇಲೆ ‘ಗುಂಡಿನ ವೇಗ’ ತಪ್ಪು ಅಂತ ಗಟ್ಟಿಯಾಗಿ ಅನ್ನಿಸಿತು. ‘ಚರೆಯ ವೇಗ’ ಅಂದರೂ ಯಾವ ಚರೆ ಅನ್ನುವ ಪ್ರಶ್ನೆ ಉಳಿಯುತ್ತದೆ. ‘ಈಡಿನ ವೇಗ’ ಅಂದರೆ ಹೊರಟದ್ದೆಲ್ಲವೂ ಒಂದು ಗುಂಪಾಗಿ ಆ ಪದದೊಳಗೆ ಕೂತುಕೊಳ್ಳುತ್ತದೆ. ಇದೇ ನನ್ನ ಆಯ್ಕೆ.

ಅಳೆಯುವ ಜಾಗವನ್ನೂ ಹೇಳಬೇಕು. ಮಝಲ್ ವೆಲಾಸಿಟಿ, ಅಂದರೆ ನಳಿಗೆಯ ಬಾಯಲ್ಲಿನ ವೇಗ, ಅಂತ ಎಲ್ಲರೂ ಅನ್ನುತ್ತಾರೆ, ಆದರೆ ಅಮೆರಿಕದ ತೋಟಾ ತಯಾರಕರ ಪದ್ಧತಿಯಲ್ಲಿ ಅಳೆಯುವುದು ಬಾಯಿಂದ 3 ಅಡಿ ಆಚೆ. ಯುರೋಪಿನಲ್ಲಿ 2.5 ಮೀಟರ್. ಚರೆ ಹಗುರ, ಬೇಗ ಸೋಲುತ್ತದೆ. 1200ರಲ್ಲಿ ಹೊರಟದ್ದು 40 ಗಜಕ್ಕೆ ಹೋಗುವಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಆದ್ದರಿಂದ ಎಲ್ಲಿ ಅಳೆದದ್ದು ಅಂತ ಹೇಳದೆ ಅಂಕಿ ಕೊಟ್ಟರೆ ಅರ್ಥವಿಲ್ಲ. ‘ನಳಿಗೆ ಬಾಯಿಂದ ಮೂರಡಿಗೆ ಈಡಿನ ವೇಗ’ ಅಂತ ಬರೆದೆ. ಉದ್ದವಾಯಿತು, ಆದರೆ ಸುಳ್ಳಿಲ್ಲ.

ಇನ್ನು ವೇಗ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಸ್ಪೀಡಿಗೆ ಜವ, ವೆಲಾಸಿಟಿಗೆ ವೇಗ ಅಂತ ಓದಿದ್ದೆವು. ದಿಕ್ಕೂ ಸೇರಿದರೆ ವೇಗ, ದಿಕ್ಕಿನ ಲೆಕ್ಕ ಇಲ್ಲದಿದ್ದರೆ ಜವ. ಆ ನಿಯಮ ಹಿಡಿದರೆ ಈ ಯಂತ್ರ ಅಳೆಯುವುದು ಜವವನ್ನು. ಆದರೂ ‘ಈಡಿನ ಜವ’ ಅಂತ ಬರೆಯಲು ನನಗೆ ಕೈ ಬರುವುದಿಲ್ಲ. ಪರೀಕ್ಷೆಯ ಹಾಳೆಯ ಹೊರಗೆ ಜವ ಅನ್ನುವುದನ್ನು ನಾನು ಕೇಳಿಲ್ಲ. ಚಿಕ್ಕಪ್ಪ ಹೇಳಿದ ಬಿರುಸು ಚಂದದ ಮಾತು, ಆದರೆ ಅದರಲ್ಲಿ ವೇಗದ ಜೊತೆ ಪೆಟ್ಟಿನ ಗಡಸೂ ಇದೆ. ಹಗುರ ಚರೆ ಜಾಸ್ತಿ ವೇಗ ಹೋದರೂ ಬಿರುಸು ಕಡಿಮೆ ಇರಬಹುದು. ಅಂಕಿ ಇರುವಲ್ಲಿ ವೇಗ, ಪೆಟ್ಟು ಹೇಳುವಲ್ಲಿ ಬಿರುಸು ಅಂತ ಬೇರೆ ಮಾಡಿಕೊಂಡಿದ್ದೇನೆ.

ಕ್ರೋನೋಗ್ರಾಫಿಗೆ ಏನು ಮಾಡುವುದು? ವೇಗಮಾಪಕ ಅಂದರೆ ಎಲ್ಲರಿಗೂ ಕಾರಿನ ಮೀಟರು. ಅಲ್ಲದೆ ಇದು ವೇಗವನ್ನು ಅಳೆಯುವುದೇ ಇಲ್ಲ, ಹೊತ್ತನ್ನು ಅಳೆಯುತ್ತದೆ, ವೇಗ ಆಮೇಲಿನ ಭಾಗಾಕಾರ. ಗ್ರೀಕ್ ಮೂಲದ ಆ ಹೆಸರಿನ ಅರ್ಥ ಹೊತ್ತನ್ನು ಬರೆಯುವುದು ಅಂತ. ಮೊದಲು ಅದು ನಿಜಕ್ಕೂ ಬರೆಯುತ್ತಿತ್ತು. 1860ರ ದಶಕದಲ್ಲಿ ಬೆಲ್ಜಿಯಂ ಸೇನೆಯ ಲೆ ಬೂಲಾಂಜೆ ಮಾಡಿದ ಯಂತ್ರದಲ್ಲಿ ಗುಂಡು ಮೊದಲ ತಂತಿ ಕಡಿದಾಗ ವಿದ್ಯುತ್ಕಾಂತಕ್ಕೆ ಅಂಟಿ ನೇತಾಡುತ್ತಿದ್ದ ಉದ್ದನೆ ಕೋಲು ಬೀಳಲು ಶುರುವಾಗುತ್ತಿತ್ತು. ಎರಡನೇ ತಂತಿ ಕಡಿದಾಗ ಇನ್ನೊಂದು ತೂಕ ಬಿದ್ದು ಚಾಕುವೊಂದನ್ನು ಬಿಡಿಸುತ್ತಿತ್ತು. ಆ ಚಾಕು ಬೀಳುತ್ತಿರುವ ಕೋಲಿನ ಮೇಲೆ ಒಂದು ಗೀರು ಹಾಕುತ್ತಿತ್ತು. ಗೀರು ಎಷ್ಟು ಮೇಲಿದೆ ಅಂತ ನೋಡಿ ಹೊತ್ತು ತಿಳಿಯುವುದು. ಅದಕ್ಕೆ ‘ಹೊತ್ತುಗೀರು’ ಅಂತ ಹೆಸರಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಈಗಿನದು ಏನನ್ನೂ ಗೀಚುವುದಿಲ್ಲ. ಹೊಸದಾಗಿ ಬಂದ ರಾಡಾರ್ ಮಾದರಿಗಳಿಗೆ ನೆರಳೂ ಬೇಕಿಲ್ಲ.

ಇದಕ್ಕೂ ಹಿಂದೆ, 1742ರಲ್ಲಿ, ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ತೂಗುವ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ಹಿಂದಕ್ಕೆ ಜೀಕಿತು ಅನ್ನುವುದರಿಂದ ವೇಗ ಕಂಡುಹಿಡಿಯುವುದನ್ನು ವಿವರಿಸಿದ್ದರು. ಆಮೇಲೆ ಅವರು ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದು, 1751ರಲ್ಲಿ ಕಡಲೂರಿನ ಕೋಟೆಯಲ್ಲಿ ತೀರಿಕೊಂಡರು. ನಮ್ಮ ಇಷ್ಟು ಹತ್ತಿರ ಬಂದು ಹೋದವರು ಅಂತ ಓದಿದಾಗ ಮನಸ್ಸಿಗೆ ಏನೋ ಆಯಿತು.

ಹೀಗಾಗಿ ಯಂತ್ರದ ಹೆಸರನ್ನು ಕ್ರೋನೋಗ್ರಾಫ್ ಅಂತಲೇ ಉಳಿಸಿ, ಅದರ ಭಾಗಗಳಿಗೆ ಕಣ್ಣು, ಚಪ್ಪರ, ನೆರಳು ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ದಯವಿಟ್ಟು ಹೇಳಿ.

ಕೊನೆಗೆ ಉಳಿದದ್ದು ವ್ಯಾಡ್. ಮದ್ದಿಗೂ ಚರೆಗೂ ನಡುವೆ ಇರುವ ಪ್ಲಾಸ್ಟಿಕ್ ಬಟ್ಟಲು. ಮದ್ದಿನ ಗಾಳಿ ಚರೆಯ ನಡುವೆ ನುಗ್ಗದ ಹಾಗೆ ತಡೆಯುತ್ತದೆ, ಚರೆಯನ್ನು ಹೊತ್ತುಕೊಂಡು ನಳಿಗೆ ದಾಟುತ್ತದೆ, ಹೊರಗೆ ಬಂದ ಮೇಲೆ ಅದರ ಎಸಳು ಬಿಚ್ಚಿಕೊಳ್ಳುತ್ತದೆ. ಕ್ರೋನೋಗ್ರಾಫಿನ ಚಪ್ಪರ ಮುರಿಯುವುದೂ ಇದೇ, ನನ್ನದು ಎರಡು ಸಲ ಮುರಿದಿದೆ. ಅಜ್ಜನ ಕೋವಿಯಲ್ಲಿ ಈ ಕೆಲಸ ಮಾಡುತ್ತಿದ್ದದ್ದು ತೆಂಗಿನ ನಾರು, ಅವರು ಅದನ್ನು ನಾರು ಅಂತಲೇ ಕರೆಯುತ್ತಿದ್ದರು. ಪ್ಲಾಸ್ಟಿಕ್ಕಿಗೆ ನಾರು ಅನ್ನಲು ಬಾಯಿ ಬರುವುದಿಲ್ಲ. ಬಿರಡೆ ಅಂದರೆ ಸೀಸೆ ಮುಚ್ಚುವುದು, ಬೆಣೆ ಅಂದರೆ ಸಂದಿಗೆ ಹೊಡೆಯುವುದು. ಎರಡೂ ನಿಂತಲ್ಲೇ ನಿಲ್ಲುವವು, ಇದು ಹಾರಿ ಹೋಗುವುದು.

ಕೊಡಗಿನವರು ಇಲ್ಲಿ ಹಲವರಿದ್ದೀರಿ. ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಮನೆಗಳಲ್ಲಿ, ಹೊಡೆದ ತೋಟಾದಿಂದ ಉದುರುವ ಆ ಬಟ್ಟಲಿಗೆ ಏನನ್ನುತ್ತೀರಿ? ಕೊಡವ ತಕ್ಕಿನಲ್ಲಿ (ಕೊಡವ ಭಾಷೆಯಲ್ಲಿ) ಬೇರೆ ಮಾತಿದ್ದರೆ ಅದನ್ನೂ ಬರೆಯಿರಿ. ಶಿರಸಿ, ಸಿದ್ದಾಪುರದ ಕಡೆಯವರು, ಮೂಡಿಗೆರೆಯವರು ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ಈಡು ಅನ್ನುವುದು ನಿಮ್ಮಲ್ಲಿ ತುಂಬುವುದಕ್ಕೂ ನಡೆಯುತ್ತದಾ, ಹೊಡೆಯುವುದಕ್ಕೆ ಮಾತ್ರವಾ ಅನ್ನುವುದೂ ಬೇಕು. ಕಾಗದದಲ್ಲಿ ವ್ಯಾಡಿನ ಜಾಗ ಖಾಲಿ ಬಿಟ್ಟಿದ್ದೇನೆ, ಈ ತಿಂಗಳ ಕೊನೆಗೆ ಅಂಚೆಗೆ ಹಾಕಬೇಕು.