ಸೈನ್ ಹಾಕಲೋ ಬೇಡವೋ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಸಹೋದರಿಯೊಬ್ಬರು ಬರೆದಿದ್ದರು: ನಾದಿನಿಯ ಗಂಡ ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿ ಅನ್ನುತ್ತಿದ್ದಾರೆ. ಪ್ರಾರ್ಥನೆಗೆ ಮೊಣಕಾಲೂರಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ. 'ಅದು ದೇವರ ಎಚ್ಚರಿಕೆಯಲ್ಲ, ನಿನ್ನ ಪುಕ್ಕಲುತನ' ಅನ್ನುತ್ತಾರೆ ಯಜಮಾನರು. ಹೇಗೆ ತಿಳಿಯಲಿ?

*

ಪ್ರಿಯ ಸಹೋದರಿ, ನಿಮ್ಮ ಪತ್ರ ಓದಿ ನಮ್ಮ ಅತ್ತೆ ನೆನಪಾದರು. ನಮ್ಮ ಮನೆಯಲ್ಲಿ ಬೆಳಗಿನ ಕುಟುಂಬ ಪ್ರಾರ್ಥನೆಗೆ ತಾರೀಕಿಗೊಂದು ಅಧ್ಯಾಯದಂತೆ ಸತ್ಯವೇದದ (ಬೈಬಲಿನ) ಜ್ಞಾನೋಕ್ತಿ ಪುಸ್ತಕ ಓದುವ ರೂಢಿ. ಇರುವುದು 31 ಅಧ್ಯಾಯ, ತಿಂಗಳಿಗೆ ಸರಿಹೋಗುತ್ತದೆ. ಯಜಮಾನರು ಗೆಳೆಯನ ಸಾಲಕ್ಕೆ ಸೈನ್ ಹಾಕಲು ಹೊರಟ ದಿನ 22ನೇ ತಾರೀಕು. ಅತ್ತೆ ಕನ್ನಡಕ ಏರಿಸಿಕೊಂಡು ಓದುತ್ತಾ 26, 27ನೇ ವಚನಕ್ಕೆ ಬಂದರು. ಸಾಲಕ್ಕೆ ಹೊಣೆಯಾಗಬೇಡ, ತೀರಿಸಲು ನಿನ್ನಲ್ಲಿ ಇಲ್ಲದಿದ್ದರೆ ಮಲಗಿದ ಹಾಸಿಗೆಯನ್ನೂ ಎಳೆದುಕೊಂಡು ಹೋದಾರು ಅನ್ನುವ ಮಾತು ಅಲ್ಲಿದೆ. ಅತ್ತೆ ಓದು ನಿಲ್ಲಿಸಿ ಮಗನ ಮುಖ ನೋಡಿದರು. ಇವರು ವಾಚ್ ಕಟ್ಟಿಕೊಳ್ಳುತ್ತಾ, 'ಅದು ಆ ಕಾಲದ್ದಮ್ಮ' ಅಂದರು.

ಅದಕ್ಕೆ ಮುಂಚೆ ಮೂರು ದಿನ 'ಕರ್ತನೇ, ದಾರಿ ತೋರಿಸು' ಅಂತ ಉಪವಾಸ ಮಾಡಿದ್ದೂ ಇದೇ ಯಜಮಾನರು! ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳೂ ಇಟ್ಟಿದ್ದರು. ಸಿಕ್ಕಿದ್ದು ಯಾವುದೋ ವಂಶಾವಳಿ.

ಹಾಸಿಗೆ ಹೋಗಲಿಲ್ಲ, ನನ್ನ ಎರಡು ಬಳೆ ಹೋದವು. ಗೆಳೆಯ ಊರು ಬಿಟ್ಟ ಮೇಲೆ ಮೂರು ವರ್ಷ ಕಂತು ಕಟ್ಟಿದ್ದು ನಾವೇ.

ಎದೆ ಭಾರ ಅನ್ನುವುದೊಂದನ್ನೇ ಹಿಡಿದು ಕೂರಬೇಡಿ. ಅಜೀರ್ಣಕ್ಕೂ ಎದೆ ಭಾರವಾಗುತ್ತದೆ, ಅಲ್ವಾ? ಅದೇ ಮಾತು ದೇವರ ವಾಕ್ಯದಲ್ಲೂ ಇದೆಯಾ, ಹಿರಿಯರ ಬಾಯಲ್ಲೂ ಬರುತ್ತಿದೆಯಾ ನೋಡಿ. ದೇವರು ಕರೆದಾಗ ಹುಡುಗ ಸಮುವೇಲ ಮೂರು ಸಲ ಯಾಜಕ ಏಲಿಯ ಹತ್ತಿರ ಓಡಿದ. ಅದು ಯಾರ ದನಿ ಅಂತ ಹುಡುಗನಿಗೆ ಹೇಳಿಕೊಟ್ಟಿದ್ದು ಕಣ್ಣು ಮಂಜಾದ ಆ ಮುದುಕನೇ.

— ಓದುಗಿ, ಹಾಸನ

*

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತನಾದವನು. ಜಾಮೀನು ಅಂದರೆ ಮದುವೆ ರಿಜಿಸ್ಟರಿಗೆ ಸಾಕ್ಷಿ ಹಾಕಿದ ಹಾಗೆ ಅಂದುಕೊಂಡು ಬರುವವರೇ ಜಾಸ್ತಿ. ಹಾಗಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಅವನ ಹಿಂದೆ ಸುತ್ತಿ ಸಾಕಾದ ಮೇಲೆಯೇ ಬ್ಯಾಂಕಿನವರು ನಿಮ್ಮ ಬಾಗಿಲಿಗೆ ಬರಬೇಕು ಅಂತಿಲ್ಲ. 'ಓದಿದ್ರಾ?' ಅಂತ ನಾನು ಕೇಳುತ್ತಿದ್ದೆ. 'ಎಲ್ಲಿ ಸೈನ್ ಸಾರ್?' ಅನ್ನುತ್ತಿದ್ದರು, ನಮ್ಮ ಚರ್ಚಿನ ಸಭೆಯವರೂ ಸೇರಿ. 'ಓದಿದ್ರಾ?' ಅನ್ನುವ ಪ್ರಶ್ನೆಯನ್ನು ದೇವರೇ ಕೇಳಿಸಿರಬಹುದು ಅಂತ ಅವರಿಗೂ ಹೊಳೆಯಲಿಲ್ಲ, ಆಗ ನನಗೂ ಹೊಳೆದಿರಲಿಲ್ಲ.

ಸತ್ಯವೇದದ ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ಓದಿ. ಈಗ ಹೊರಟರೆ ಹಡಗಿಗೂ ಪ್ರಾಣಕ್ಕೂ ನಷ್ಟ ಅಂತ, ಕೈದಿಯಾಗಿ ಹಡಗಿನಲ್ಲಿದ್ದ ಅಪೊಸ್ತಲ ಪೌಲ ಹೇಳಿದ. ಕಾವಲಿಗಿದ್ದ ಶತಾಧಿಪತಿ (ರೋಮನ್ ಸೇನಾಧಿಕಾರಿ) ಹಡಗಿನ ಯಜಮಾನನ ಮಾತು ಕೇಳಿದ. ತೆಂಕಣ ಗಾಳಿ ಮೆಲ್ಲಗೆ ಬೀಸಿತು. ಎಲ್ಲ ಅನುಕೂಲವಾಯಿತು ಅಂದುಕೊಂಡು ಲಂಗರು ಎತ್ತಿದರು. 276 ಜನ ಹೇಗೋ ದಡ ಸೇರಿದರು, ಹಡಗು ಒಡೆಯಿತು. ಫೈಲು ಬೇಗ ಪಾಸಾಯಿತು, ಮ್ಯಾನೇಜರ್ ಪರಿಚಯದವರು, ಇದು ದೇವರ ಚಿತ್ತವೇ ಅನ್ನುವವರನ್ನು ಕಂಡಾಗಲೆಲ್ಲ ನನಗೆ ಆ ಗಾಳಿ ನೆನಪಾಗುತ್ತದೆ.

— ನಿವೃತ್ತ ಬ್ಯಾಂಕ್ ನೌಕರ, ಉಡುಪಿ

*

ಅಕ್ಕಾರೆ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನನ್ನ ತಮ್ಮ ಅಂಗಡಿಗೆ ಸಾಲ ತೆಗೆಯುವಾಗ ಜಾಮೀನಿಗೆ ನನ್ನನ್ನು ಕೇಳಿದ್ದ. 'ಪ್ರಾರ್ಥನೆಯಲ್ಲಿ ಸಮಾಧಾನ ಸಿಗಲಿಲ್ಲಪ್ಪ' ಅಂದು ಕಳಿಸಿಬಿಟ್ಟೆ. ನಿಜ ಹೇಳಬೇಕೆಂದರೆ ಅದು ಜಿಪುಣತನ. ಸುಮ್ನೆ ದೇವರ ಹೆಸರು ಅಡ್ಡ ಹಿಡಿದಿದ್ದೆ. ಆಮೇಲೆ ಒಂದು ದಿನ, ದಾಸ ಒನೇಸಿಮನಿಗಾಗಿ ಪೌಲ ಅವನ ಯಜಮಾನ ಫಿಲೆಮೋನನಿಗೆ ಬರೆದ ಕಾಗದ ಓದುವಾಗ ನಾಚಿಕೆಯಾಯಿತು. ಅವನು ಕೊಡಬೇಕಾದದ್ದು ಏನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಅಂತ ಪೌಲ ಸ್ವಂತ ಕೈಯಿಂದ ಬರೆದುಕೊಟ್ಟಿದ್ದಾನೆ. ಜ್ಞಾನೋಕ್ತಿ ಇರುವ ಸತ್ಯವೇದದಲ್ಲೇ ಇದೂ ಇದೆ.

ಪೂರ್ತಿ ಹಣ ನಮ್ಮ ಕೈಯಿಂದಲೇ ಹೋದರೂ ಸರಿ ಅನ್ನುವ ಹಾಗಿದ್ದರೆ ಮಾತ್ರ ಸೈನ್ ಹಾಕಿ. ಇಲ್ಲವಾದರೆ ಆಗಲ್ಲ ಅಂತ ನೇರವಾಗಿ ಹೇಳಿ, ಕೈಲಾದಷ್ಟು ದುಡ್ಡು ಕೊಡಿ. ಅದಕ್ಕೂ ಮೊದಲು ಅವರನ್ನು ಮನೆಗೆ ಕರೆದು, ಚಹಾ ಕೊಟ್ಟು, ಎಷ್ಟು ಸಾಲ, ಯಾತಕ್ಕೆ, ಹೇಗೆ ತೀರಿಸುತ್ತೀರಿ ಅಂತ ಕೇಳಿ. ನಾನು ತಮ್ಮನನ್ನು ಅಷ್ಟೂ ಕೇಳಿರಲಿಲ್ಲ.

— ಓದುಗ, ಹುಬ್ಬಳ್ಳಿ